ಬರ್ನಾರ್ ಮೊದಲ ದಿನವೇ ಹೆಂಡತಿಗೆ ಹೇಳಿಬಿಟ್ಟಿದ್ದರೆ? ತ್ರೂಫೋನ ‘ಪಕ್ಕದ ಮನೆಯ ಹೆಂಗಸು’ ನೋಡಿದವರು ಬನ್ನಿ

ಮಳೆಗಾಲ

ಒಂದೇ ವಾರದಲ್ಲಿ ಈ ಸಿನಿಮಾ ಎರಡು ಸಲ ನೋಡಿದೆ. ಫ್ರಾಂಸ್ವಾ ತ್ರೂಫೋ 1981ರಲ್ಲಿ ಮಾಡಿದ್ದು. ಫ್ರೆಂಚಿನಲ್ಲಿ ‘ಲಾ ಫಾಮ್ ದಾ ಕೋತೆ’, ಅಂದರೆ ಪಕ್ಕದ ಮನೆಯ ಹೆಂಗಸು. ಮನಸ್ಸಿನಿಂದ ಹೋಗುತ್ತಲೇ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಥೆ ಪೂರ್ತಿ ಹೇಳುತ್ತೇನೆ. ಮೊದಲು ನೋಡಬೇಕು ಅನ್ನುವವರು ನೋಡಿಕೊಂಡು ಬನ್ನಿ.

ಗ್ರೆನೋಬ್ಲ್ ಪಟ್ಟಣದ ಹೊರಗೆ ಒಂದು ಹಳ್ಳಿ. ಅಲ್ಲಿ ಬರ್ನಾರ್, ಅವನ ಹೆಂಡತಿ ಆರ್ಲೆಟ್, ಪುಟ್ಟ ಮಗ ತೋಮಾ. ನೆಮ್ಮದಿಯ ಸಂಸಾರ. ಖಾಲಿ ಇದ್ದ ಪಕ್ಕದ ಮನೆಗೆ ಒಂದು ಜೋಡಿ ಬಾಡಿಗೆಗೆ ಬರುತ್ತದೆ. ಗಂಡ ಫಿಲಿಪ್, ವಿಮಾನ ನಿಲ್ದಾಣದಲ್ಲಿ ಕೆಲಸ. ಹೆಂಡತಿ ಮತಿಲ್ದ್. ಈ ಮತಿಲ್ದ್ ಮತ್ತು ಬರ್ನಾರ್ ಮದುವೆಗೆ ಮುಂಚೆ ಪ್ರೀತಿಸಿದವರು. ಜಗಳ, ನೋವು ಎಲ್ಲ ಆಗಿ ಬೇರೆಯಾದವರು. ವರ್ಷಗಳ ಮೇಲೆ ಹೀಗೆ ಎದುರಾಗುತ್ತಾರೆ. ಇಬ್ಬರೂ ಹೊಸದಾಗಿ ಪರಿಚಯ ಆದವರ ಹಾಗೆ ನಡೆದುಕೊಳ್ಳುತ್ತಾರೆ. ಅವನು ಹೆಂಡತಿಗೆ ಹೇಳುವುದಿಲ್ಲ, ಅವಳು ಗಂಡನಿಗೆ ಹೇಳುವುದಿಲ್ಲ. ಆರ್ಲೆಟ್ ಪಾಪ, ಹೊಸ ನೆರೆಯವರನ್ನು ಊಟಕ್ಕೆ ಕರೆಯುತ್ತಾಳೆ. ಬರ್ನಾರ್ ಏನೋ ನೆಪ ಹೇಳಿ ಅವತ್ತು ಮನೆಗೇ ಬರುವುದಿಲ್ಲ.

ಆಮೇಲೆ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತಾರೆ. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಮುತ್ತು, ಅಷ್ಟಕ್ಕೇ ಮತಿಲ್ದ್ ಪ್ರಜ್ಞೆ ತಪ್ಪಿ ಬೀಳುತ್ತಾಳೆ. ಅಲ್ಲಿಂದ ಹೋಟೆಲ್ ರೂಮು, ಸುಳ್ಳು, ಮುಚ್ಚಿಡುವುದು. ಅವಳಿಗೆ ಈ ಎರಡು ಬದುಕು ಸಾಕಾಗಿ ಬೇಡ ಅನ್ನುತ್ತಾಳೆ. ಅವನು ಹದ ತಪ್ಪುತ್ತಾನೆ. ಫಿಲಿಪ್ ಮತ್ತು ಮತಿಲ್ದ್ ಮನೆಯ ಪಾರ್ಟಿಯಲ್ಲಿ, ಎಲ್ಲ ನೆಂಟರು ಸ್ನೇಹಿತರ ಎದುರಿಗೆ, ಅವಳ ಮೇಲೆ ಕೈ ಮಾಡುತ್ತಾನೆ. ಗುಟ್ಟು ಅಲ್ಲೇ ಬಯಲು. ಆಮೇಲೆ ಅವಳು ಕುಸಿದು ಆಸ್ಪತ್ರೆ ಸೇರುತ್ತಾಳೆ. ಕೊನೆಗೆ ಇಬ್ಬರೂ ಉಳಿಯುವುದಿಲ್ಲ.

ನನ್ನ ಪ್ರಶ್ನೆ ಒಂದೇ. ಆ ಮೊದಲ ದಿನ ರಾತ್ರಿ ಬರ್ನಾರ್ ಆರ್ಲೆಟ್‌ಗೆ “ಇವಳು ನನಗೆ ಮೊದಲೇ ಗೊತ್ತು, ನಾವು ಪ್ರೀತಿಸಿದ್ದೆವು” ಅಂತ ಹೇಳಿದ್ದರೆ? ಒಂದು ವಾರ ಮನೆಯಲ್ಲಿ ಮುಖ ಊದಿಕೊಂಡಿರುತ್ತಿತ್ತು. ಇಷ್ಟೆಲ್ಲ ಆಗುತ್ತಿತ್ತಾ? ಹೋಟೆಲ್ ರೂಮಿಗೆ ಹೋದದ್ದು ಆಮೇಲಿನ ಮಾತು. ನನಗೆ ಕಾಣುವ ಹಾಗೆ ಎಲ್ಲ ಹಾಳಾಗಿದ್ದು ಆ ಮೊದಲ ಮೌನದಲ್ಲೇ. ಸುಳ್ಳು ಹೇಳಲಿಲ್ಲ, ಸುಮ್ನೆ ಇದ್ದರು, ಅಷ್ಟೇ. ಆ ಸುಮ್ಮನಿದ್ದದ್ದೇ ಇಬ್ಬರನ್ನೂ ಮತ್ತೆ ಜೊತೆಗಾರರನ್ನಾಗಿ ಮಾಡಿತು.

ನೀವೇನಂತೀರಿ?

ಕಬ್ಬನ್ ಪಾರ್ಕ್ ಬೆಂಚು

ಹೇಳಿದ್ದರೂ ಆಗುತ್ತಿತ್ತು ಅನಿಸುತ್ತೆ. ಅದು ಬೂದಿ ಮುಚ್ಚಿದ ಕೆಂಡ. ಪಕ್ಕದಲ್ಲೇ ಇದ್ದರೆ ಗಾಳಿ ಬೀಸದೆ ಇರುತ್ತಾ?

ಹಳೇ ಪ್ರೊಜೆಕ್ಟರ್

ಮಳೆಗಾಲ ಅವರೇ, ಒಳ್ಳೆ ಪ್ರಶ್ನೆ. ಆದರೆ ಈ ಸಿನಿಮಾದಲ್ಲಿ ಇನ್ನೊಂದು ಉತ್ತರವೂ ಇದೆ. ಮದಾಂ ಜೂವ್‌ನ ಬಿಟ್ಟುಬಿಟ್ಟಿರಲ್ಲ!

ಕಥೆ ಹೇಳುವವರೇ ಅವರು. ಸಿನಿಮಾ ಶುರುವಾಗುವುದೇ ಎಲ್ಲ ಮುಗಿದ ಮೇಲೆ. ಪೊಲೀಸ್ ಗಾಡಿ ಹೋಗುತ್ತಿರುತ್ತದೆ. ಟೆನಿಸ್ ಕ್ಲಬ್ ನೋಡಿಕೊಳ್ಳುವ ಈ ವಯಸ್ಸಾದ ಹೆಂಗಸು ಕ್ಯಾಮೆರಾ ನೋಡಿಕೊಂಡು ನಮ್ಮ ಜೊತೆ ಮಾತಾಡುತ್ತಾರೆ. ಇವರು ಟೆನಿಸ್ ಆಡುವವರು ಅಂತ ನಾವು ಅಂದುಕೊಳ್ಳುತ್ತೇವೆ. ಆಗ ಕ್ಯಾಮೆರಾಗೆ ಹಿಂದಕ್ಕೆ ಹೋಗು ಅನ್ನುತ್ತಾರೆ. ಹಿಂದಕ್ಕೆ ಹೋದಾಗ ಅವರ ಕಾಲು ಕಾಣುತ್ತದೆ. ಊರುಗೋಲಿಲ್ಲದೆ ನಡೆಯಲು ಆಗದ ಕಾಲು. ಬಹಳ ವರ್ಷಗಳ ಹಿಂದೆ ಒಬ್ಬನ ಪ್ರೀತಿಗಾಗಿ ಕಿಟಕಿಯಿಂದ ಹಾರಿ ಬದುಕಿ ಉಳಿದವರು ಇವರು.

ಕಥೆಯ ಮಧ್ಯೆ ಅದೇ ಮನುಷ್ಯ ಇವರನ್ನು ನೋಡಲು ಬರುತ್ತಾನೆ ಅಂತ ಸುದ್ದಿ ಬರುತ್ತದೆ. ಮದಾಂ ಜೂವ್ ಏನು ಮಾಡುತ್ತಾರೆ? ಪ್ಯಾರಿಸ್‌ಗೆ ಹೊರಟುಬಿಡುತ್ತಾರೆ. ಜಗಳ ಇಲ್ಲ, ಅಳು ಇಲ್ಲ. ತನ್ನ ಈ ಕಾಲು, ಈ ವಯಸ್ಸು ಅವನ ಕಣ್ಣಿಗೆ ಬೀಳಬಾರದು, ಅಷ್ಟೇ. ಬರ್ನಾರ್ ಮತ್ತು ಮತಿಲ್ದ್ ಮಾಡದೆ ಹೋದದ್ದನ್ನು ಈ ಅಮ್ಮ ಮಾಡಿ ತೋರಿಸುತ್ತಾರೆ. ಎದ್ದು ದೂರ ಹೋಗುವುದು.

ಆ ಪಾತ್ರ ಮಾಡಿದವರು ವೆರೋನಿಕ್ ಸಿಲ್ವೆರ್. ನನಗೆ ಇಡೀ ಸಿನಿಮಾದಲ್ಲಿ ಅವರ ಮುಖವೇ ಜಾಸ್ತಿ ನೆನಪಿನಲ್ಲಿ ಉಳಿದಿದೆ.

ಸ್ವಲ್ಪ ಹಿನ್ನೆಲೆ ಬೇಕಾದವರಿಗೆ: ಇದಕ್ಕೆ ಮುಂಚಿನ ವರ್ಷ ತ್ರೂಫೋ ಮಾಡಿದ ಚಿತ್ರಕ್ಕೆ ಫ್ರಾನ್ಸಿನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಸೀಸರ್ ಹತ್ತು ಬಂದಿತ್ತು. ಅಂಥ ದೊಡ್ಡ ಗೆಲುವಿನ ಮೇಲೆ ಹೋಗಿ ಎರಡು ಮನೆ, ನಾಲ್ಕು ಜನರ ಸಣ್ಣ ಕಥೆ ಹಿಡಿದರು. ಮತಿಲ್ದ್ ಆಗಿರುವವರು ಫ್ಯಾನಿ ಆರ್ದಾಂ. ಟಿವಿ ಧಾರಾವಾಹಿಯಲ್ಲಿ ಅವರನ್ನು ನೋಡಿ ತ್ರೂಫೋ ಕರೆದದ್ದು. ಸಂಗೀತ ಜಾರ್ಜ್ ದೆಲರೂ. ಇದಾದ ಮೇಲೆ ತ್ರೂಫೋ ಮಾಡಿದ್ದು ಇನ್ನೊಂದೇ ಚಿತ್ರ. 1984ರ ಅಕ್ಟೋಬರ್‌ನಲ್ಲಿ ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. 52 ವರ್ಷ.

ಕುಮಟಾ ಕಡಲು

ನಾನು ಸಿನಿಮಾ ಜಾಸ್ತಿ ನೋಡುವವನಲ್ಲ. ಹಡಗಿನಲ್ಲಿ ಕೆಲಸ, ವರ್ಷದಲ್ಲಿ ಆರೇಳು ತಿಂಗಳು ನೀರಿನ ಮೇಲೆ. ಜೊತೆಯ ಅಧಿಕಾರಿಯೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಇದನ್ನು ನೋಡಿದೆ. ನೋಡಿದ್ದಕ್ಕೆ ಕಾರಣ ಬರ್ನಾರ್‌ನ ಕೆಲಸ. ಅದರ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ.

ಅವನು ದೊಡ್ಡ ಎಣ್ಣೆ ಹಡಗಿನ ಕ್ಯಾಪ್ಟನ್‌ಗಳಿಗೆ ತರಬೇತಿ ಕೊಡುವ ಜಾಗದಲ್ಲಿ ಇರುತ್ತಾನೆ. ಕೆರೆಯಲ್ಲಿ ಚಿಕ್ಕ ಚಿಕ್ಕ ಹಡಗು, ಅದರೊಳಗೆ ದೊಡ್ಡ ಮನುಷ್ಯರು ಕೂತಿರುತ್ತಾರೆ. ನೋಡುವವರಿಗೆ ಆಟಿಕೆ ಅನಿಸಬಹುದು. ಅದು ಆಟಿಕೆ ಅಲ್ಲ. ಗ್ರೆನೋಬ್ಲ್‌ನಿಂದ ಸ್ವಲ್ಪ ದೂರದಲ್ಲಿ ಪೋರ್ ರೆವೆಲ್ ಅಂತ ನಿಜವಾಗಿಯೂ ಇಂಥ ಕೇಂದ್ರ ಇದೆ, 1967ರಿಂದ. ನಮ್ಮ ಒಬ್ಬ ಹಿರಿಯ ಕ್ಯಾಪ್ಟನ್ ಅಲ್ಲಿ ಕಲಿತು ಬಂದವರು. ಅವರು ಹೇಳಿದ್ದು ನನಗೆ ಬಾಯಿಪಾಠ ಇದೆ. ಹಡಗು ನಿಜವಾದದ್ದರ 25ರಲ್ಲಿ ಒಂದು ಭಾಗ. ಹಾಗೆ ಚಿಕ್ಕದು ಮಾಡಿದಾಗ ಕಾಲವೂ ಐದು ಪಟ್ಟು ಬೇಗ ಓಡುತ್ತದೆ. ಸಮುದ್ರದಲ್ಲಿ ಐದು ನಿಮಿಷ ಹಿಡಿಯುವ ತಿರುವು ಅಲ್ಲಿ ಒಂದು ನಿಮಿಷ. ಯೋಚನೆ ಮಾಡಲು ಪುರುಸೊತ್ತೇ ಇರುವುದಿಲ್ಲ.

ಅಲ್ಲಿ ಕಲಿಯುವ ಮುಖ್ಯ ಪಾಠ ಏನು ಗೊತ್ತಾ? ನಿಲ್ಲಿಸುವುದು. ತುಂಬಿದ ಎಣ್ಣೆ ಹಡಗಿಗೆ ಬ್ರೇಕ್ ಇಲ್ಲ. ಎಂಜಿನ್ ಬಂದ್ ಮಾಡಿದರೂ ಹೋಗುತ್ತಲೇ ಇರುತ್ತದೆ. ಎಂಜಿನ್ ಹಿಂದಕ್ಕೆ ತಿರುಗಿಸಿ ಪೂರ್ತಿ ಜೋರು ಕೊಟ್ಟರೂ ಕಿಲೋಮೀಟರ್‌ಗಟ್ಟಲೆ ಮುಂದೆ ಹೋಗಿಯೇ ನಿಲ್ಲುವುದು. ಅಷ್ಟು ಹೊತ್ತು ಹಡಗು ನಿಮ್ಮ ಚುಕ್ಕಾಣಿಯ ಮಾತೂ ಸರಿಯಾಗಿ ಕೇಳುವುದಿಲ್ಲ. ಆ ಹೊತ್ತು ನಾನು ಡೆಕ್ ಮೇಲೆ ನಿಂತು ನೋಡಿದ್ದೇನೆ. ಎದುರಿಗೆ ಮೀನಿನ ದೋಣಿಯ ದೀಪ ಇದ್ದರೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಎಲ್ಲ ಮಾಡಿ ಆಗಿದೆ, ಇನ್ನು ಕಾಯುವುದೊಂದೇ.

ಬರ್ನಾರ್ ದಿನಾ ಬೇರೆಯವರಿಗೆ ಇದನ್ನೇ ಹೇಳಿಕೊಡುವವನು. ಮತಿಲ್ದ್ ಬೇಡ ಅಂದಾಗ ಎಂಜಿನ್ ಬಂದ್ ಆಯಿತು. ಹಡಗು ನಿಲ್ಲಲಿಲ್ಲ. ಆ ಪಾರ್ಟಿಯ ದೃಶ್ಯ ನೋಡುವಾಗ ನನಗೆ ಅನಿಸಿದ್ದು ಅದೇ. ನೋಡ್ತಾ ನೋಡ್ತಾ ಆ ದೋಣಿಯ ದೀಪ ಕಣ್ಣಮುಂದೆ ಬಂತು.

ಮಳೆಗಾಲ

ಕುಮಟಾ ಕಡಲು ಅವರೇ, ಇದನ್ನು ಓದಿ ಮೈ ಜುಮ್ ಅಂತು. ಎರಡು ಸಲ ನೋಡಿದರೂ ಆ ಚಿಕ್ಕ ಹಡಗುಗಳನ್ನು ಸುಮ್ನೆ ಚೆಂದದ ಹಿನ್ನೆಲೆ ಅಂತ ನೋಡಿ ಬಿಟ್ಟಿದ್ದೆ.

ಬೆಳಗಿನ ಬಸ್ಸು

ಇದನ್ನು ಅಮರ ಪ್ರೇಮ ಅಂತ ಹೊಗಳುವವರು ಬಹಳ ಜನ. ದಯವಿಟ್ಟು ಇಲ್ಲಿ ಹಾಗೆ ಬರೆಯಬೇಡಿ. ಎಲ್ಲರೆದುರು ಹೆಂಗಸಿಗೆ ಹೊಡೆಯುವವನದು ಎಂಥ ಪ್ರೀತಿ? ಬೇಡ ಅಂತ ಅವಳು ಸ್ಪಷ್ಟವಾಗಿ ಹೇಳಿದ್ದಳು. ಅದನ್ನು ಅವನು ತಡೆದುಕೊಳ್ಳಲಿಲ್ಲ.

ಇನ್ನೊಂದು ಮಾತು. ಬರ್ನಾರ್ ಆಗಿರುವುದು ಜೆರಾರ್ ದೆಪಾರ್ದ್ಯೂ. 2021ರ ಒಂದು ಚಿತ್ರೀಕರಣದಲ್ಲಿ ಇಬ್ಬರು ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಕ್ಕೆ 2025ರ ಮೇನಲ್ಲಿ ಪ್ಯಾರಿಸ್ ನ್ಯಾಯಾಲಯ ಆತ ತಪ್ಪಿತಸ್ಥ ಅಂದಿತು. 18 ತಿಂಗಳ ಅಮಾನತು ಶಿಕ್ಷೆ. ಮೇಲ್ಮನವಿ ಹಾಕಿದ್ದಾರೆ. ಇದು ಗೊತ್ತಾದ ಮೇಲೆ ಆ ಪಾರ್ಟಿ ದೃಶ್ಯವನ್ನು ನಾನು ಮೊದಲಿನ ಹಾಗೆ ನೋಡಲಾರೆ.

ಹಳೇ ಪ್ರೊಜೆಕ್ಟರ್

ಒಪ್ಪುತ್ತೇನೆ. ನಾನೂ ಆ ದೃಶ್ಯ ಬಂದಾಗ ಈಗ ಆರ್ದಾಂ ಮುಖ ಮಾತ್ರ ನೋಡುತ್ತೇನೆ.

ಕೋರ್ಟು ಕಚೇರಿ

ಕಾನೂನಿನ ಕಡೆಯಿಂದ ಒಂದು ವಿಷಯ. ಇದರಿಂದ ಮಳೆಗಾಲ ಅವರ ಪ್ರಶ್ನೆಗೆ ಸ್ವಲ್ಪ ಬೆಳಕು ಬೀಳಬಹುದು.

ಫ್ರಾನ್ಸ್‌ನಲ್ಲಿ 1975ರವರೆಗೂ ಮದುವೆಯಾಚೆಗಿನ ಸಂಬಂಧ ಅಪರಾಧ. ಅದೂ ಎಂಥ ತಾರತಮ್ಯ ನೋಡಿ. ಹೆಂಡತಿ ಸಿಕ್ಕಿಬಿದ್ದರೆ ಮೂರು ತಿಂಗಳಿಂದ ಎರಡು ವರ್ಷ ಜೈಲು. ಗಂಡನಿಗೆ ಬರೀ ದಂಡ. ಅದೂ ಇನ್ನೊಬ್ಬಳನ್ನು ತನ್ನ ಮನೆಯೊಳಗೇ ತಂದು ಇಟ್ಟುಕೊಂಡಿದ್ದರೆ ಮಾತ್ರ. 1975ರ ಜುಲೈನ ಕಾನೂನು ಇದನ್ನು ತೆಗೆದುಹಾಕಿತು. ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯುವ ದಾರಿಯನ್ನೂ ತೆರೆಯಿತು. ನಮ್ಮಲ್ಲಿ ಇದನ್ನೇ ಅಪರಾಧ ಅನ್ನುತ್ತಿದ್ದ ದಂಡ ಸಂಹಿತೆಯ 497ನೇ ಕಲಂ ಹೋಗಿದ್ದು 2018ರ ಸೆಪ್ಟೆಂಬರ್‌ನಲ್ಲಿ. ನಮ್ಮದರಲ್ಲಿ ಜೈಲು ಗಂಡಸಿಗೆ ಮಾತ್ರ ಇತ್ತು. ಹೆಂಡತಿ ಗಂಡನ ಸೊತ್ತು ಅನ್ನುವ ಲೆಕ್ಕದಲ್ಲಿ ಬರೆದದ್ದು.

ಈ ಸಿನಿಮಾ 1981ರದ್ದು. ಅಂದರೆ ಈ ನಾಲ್ವರಿಗೂ ಬಾಗಿಲು ತೆರೆದೇ ಇತ್ತು. ಜೈಲಿನ ಭಯ ಇಲ್ಲ. ಬೇಕಿದ್ದರೆ ಬೇರೆಯಾಗಬಹುದಿತ್ತು. ಮತಿಲ್ದ್ ಅಂತೂ ಒಂದು ಮದುವೆ ಮುರಿದುಕೊಂಡು ಎರಡನೆಯದಕ್ಕೆ ಬಂದವಳು. ಆದರೂ ಯಾರೂ ಆ ಬಾಗಿಲಿಂದ ಹೊರಗೆ ಹೋಗುವುದಿಲ್ಲ. ಹಳೆಯ ಕಾಲದ ಇಂಥ ಕಥೆಗಳಲ್ಲಿ ಸಮಾಜ ಕಟ್ಟಿಹಾಕಿತ್ತು ಅಂತ ಹೇಳಬಹುದು. ಇಲ್ಲಿ ಹಾಗೆ ಹೇಳಲು ಬರುವುದಿಲ್ಲ. ಅದಕ್ಕೇ ನನಗೆ ಇದು ಹೆಚ್ಚು ದುಃಖದ ಕಥೆ.

ಅಗಸೆ ಬಾಗಿಲು

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯುವುದೋ ಬೇಡವೋ ಅಂತ ಯೋಚಿಸಿ ಈಗ ಬರೆಯುತ್ತಿದ್ದೇನೆ.

ಎಲ್ಲರೂ ಬರ್ನಾರ್, ಮತಿಲ್ದ್ ಅಂತೀರಿ. ಆರ್ಲೆಟ್ ಬಗ್ಗೆ ಯಾರಾದರೂ ನಾಲ್ಕು ಸಾಲು ಬರೆದಿರಾ? ಅವಳು ಬಸುರಿ. ಗಂಡ ಎಲ್ಲರೆದುರು ಪಕ್ಕದ ಮನೆಯವಳಿಗೆ ಹೊಡೆದದ್ದನ್ನು ನೋಡಿದ ಮೇಲೂ ಅವನ ಜೊತೆ ಸಂಸಾರ ಕೂಡಿಸಿಕೊಂಡು ಹೋಗಲು ನೋಡುತ್ತಾಳೆ. ಮಿಶೆಲ್ ಬೋಮ್‌ಗಾರ್ಟ್ನರ್ ಆ ಪಾತ್ರ ಮಾಡಿದ್ದಾರೆ. ಅವರ ನಗು ಎಷ್ಟು ಹಗುರ, ಸಿನಿಮಾ ಮುಗಿಯುವ ಹೊತ್ತಿಗೆ ಆ ನಗು ಎಲ್ಲಿಗೆ ಹೋಯಿತು ಅಂತ ನೋಡಿ. ಮತ್ತೆ ಆ ಹುಡುಗ ತೋಮಾ. ಕೊನೆಯಲ್ಲಿ ಅವನಿಗೆ ಯಾರು ಏನು ಹೇಳಿದರು?

ನನ್ನ ಅಪ್ಪನಿಗೆ ಹೀಗೇ ಒಂದು ಸಂಬಂಧ ಇತ್ತು. ಊರು ಹೇಳುವುದಿಲ್ಲ, ಬಯಲುಸೀಮೆ. ನನಗಾಗ ಒಂಬತ್ತು ವರ್ಷ. ನಮ್ಮ ಬೀದಿಗೆ ಬರಲು ಎರಡು ದಾರಿ. ಆಫೀಸಿನಿಂದ ನೇರ ಬಂದರೆ ಬಸ್‌ಸ್ಟ್ಯಾಂಡ್ ಕಡೆಯಿಂದ. ಆ ಮನೆಯಿಂದ ಬಂದರೆ ಅಕ್ಕಿ ಮಿಲ್ಲಿನ ಕಡೆಯಿಂದ. ಅಪ್ಪನ ಸ್ಕೂಟರ್ ಸದ್ದು ನನಗೆ ಅಷ್ಟು ಚೆನ್ನಾಗಿ ಗೊತ್ತಿತ್ತು, ಮೂಲೆಗೆ ಬರುವ ಮುಂಚೆಯೇ ಯಾವ ಕಡೆಯಿಂದ ಅಂತ ಹೇಳುತ್ತಿದ್ದೆ. ಮಿಲ್ಲಿನ ಕಡೆ ರಸ್ತೆಯಲ್ಲಿ ಒಂದು ಗುಂಡಿ. ಅಲ್ಲಿ ಸ್ಕೂಟರ್ ಗೇರು ಇಳಿಸಬೇಕಿತ್ತು. ಆ ಗೇರಿನ ಸದ್ದು ಕೇಳಿದ ಕೂಡಲೇ ಅಮ್ಮನ ಕೈ ಅರ್ಧ ಕ್ಷಣ ನಿಲ್ಲುತ್ತಿತ್ತು. ಮುದ್ದೆ ಕಟ್ಟುತ್ತಿದ್ದರೆ ಮುದ್ದೆಯ ಮೇಲೆ, ಪಾತ್ರೆ ತಿಕ್ಕುತ್ತಿದ್ದರೆ ಪಾತ್ರೆಯ ಮೇಲೆ. ಆಮೇಲೆ ಮತ್ತೆ ನಡೆಯುತ್ತಿತ್ತು. ಅಪ್ಪನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ ಇಟ್ಟಿರುತ್ತಿದ್ದಳು. ಅಪ್ಪ ಬಂದು “ಊಟ ಆಯ್ತು” ಅಂದರೆ ಮೇಲಿನ ತಟ್ಟೆ ತೆಗೆದು ಅದನ್ನು ತಾನು ಉಣ್ಣುತ್ತಿದ್ದಳು. ಒಂದು ದಿನವೂ ಜೋರು ಮಾತು ಕೇಳಿಲ್ಲ ನಾನು.

ಮಳೆಗಾಲ ಅವರೇ, ನೀವು ಕೇಳಿದಿರಲ್ಲ, ಮೊದಲೇ ಹೇಳಿದ್ದರೆ ಅಂತ. ಮುಚ್ಚಿಟ್ಟಿದ್ದು ಮನೆಯಲ್ಲಿ ಇಲ್ಲದ ಹಾಗೆ ಆಗುವುದಿಲ್ಲ. ಅದು ಮನೆಯಲ್ಲೇ ಇರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ, ಚಿಕ್ಕ ಮಕ್ಕಳಿಗೂ. ಹೇಳಬೇಕಾದವನು ಹೇಳುವುದಿಲ್ಲ, ಅಷ್ಟೇ. ಅಪ್ಪ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಅಮ್ಮ ಒಂದು ಸಲ ಅಳಬಹುದಿತ್ತು. ಅವಳಿಗೆ ಅಳುವ ದಿನವೇ ಸಿಗಲಿಲ್ಲ.

ಬೆಳಗಿನ ಬಸ್ಸು

ಅಕ್ಕ, ಏನು ಬರೆಯಬೇಕು ಗೊತ್ತಾಗುತ್ತಿಲ್ಲ. ಓದಿದೆ ಅಂತ ಹೇಳಲು ಮಾತ್ರ ಇದು.

ಕುಮಟಾ ಕಡಲು

ನಾನೂ ಓದಿದೆ. ಇವತ್ತು ಮನೆಗೆ ಫೋನ್ ಮಾಡಿ ಜಾಸ್ತಿ ಹೊತ್ತು ಮಾತಾಡಿದೆ.

ಕಬ್ಬನ್ ಪಾರ್ಕ್ ಬೆಂಚು

ನನ್ನ ಮೊದಲ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಕೆಂಡ ಅಂದುಬಿಟ್ಟರೆ ಮನುಷ್ಯರ ಮೇಲೆ ಏನೂ ಹೊಣೆ ಇಲ್ಲ ಅಂತ ಆಗುತ್ತದೆ. ಹೊಣೆ ಇತ್ತು.

ವಾರ್ಡ್ ನಂಬರ್ ಮೂರು

ನಾನು ಆಸ್ಪತ್ರೆಯಲ್ಲಿ ಆಪ್ತ ಸಲಹೆಗಾರ್ತಿ. ಮತಿಲ್ದ್ ಬಗ್ಗೆ ಹೇಳಬೇಕು. ಅವಳನ್ನು ಕೊಲೆಗಾತಿ ಅಂತಲೋ ಪ್ರೇಮಿ ಅಂತಲೋ ನೋಡುವವರೇ ಎಲ್ಲ. ಅವಳು ಕಾಯಿಲೆಯಲ್ಲಿದ್ದಳು ಅನ್ನುವುದು ಮಾತಿನಲ್ಲಿ ಕಳೆದುಹೋಗುತ್ತದೆ.

ಟೆನಿಸ್ ಕ್ಲಬ್‌ನಲ್ಲಿ ಗಿಡಗಳ ಮರೆಗೆ ಹೋಗಿ ಅವಳು ಬಿಕ್ಕಿ ಬಿಕ್ಕಿ ಅಳುವ ದೃಶ್ಯ ನೆನಪಿದೆಯಾ? ಅಳು ತನ್ನಷ್ಟಕ್ಕೇ ಬರುತ್ತದೆ. ನಿಲ್ಲಿಸಲು ಅವಳ ಕೈಯಲ್ಲಿ ಆಗುವುದಿಲ್ಲ. ನಾನು ಕೆಲಸದಲ್ಲಿ ಇಂಥ ಅಳು ನೋಡಿದ್ದೇನೆ. ಆರ್ದಾಂ ಅದನ್ನು ಸ್ವಲ್ಪವೂ ಸುಳ್ಳಾಗಲು ಬಿಟ್ಟಿಲ್ಲ. ಆಸ್ಪತ್ರೆಯಲ್ಲಿ ಬರ್ನಾರ್ ನೋಡಲು ಬಂದಾಗ ತಾನು ರೇಡಿಯೊದಲ್ಲಿ ಹಾಡು ಮಾತ್ರ ಕೇಳುತ್ತೇನೆ, ಹಾಡುಗಳೇ ನಿಜ ಹೇಳುತ್ತವೆ, ಎಷ್ಟು ಪೆದ್ದು ಹಾಡೋ ಅಷ್ಟು ನಿಜ ಅನ್ನುತ್ತಾಳೆ. ಜನ ಇದನ್ನು ಚೆಂದದ ಮಾತು ಅಂತ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಅದು ಬೇರೆ ಥರ ಕೇಳಿಸಿತು. ಸುತ್ತಲಿನ ಯಾರ ಮಾತೂ ಅವಳಿಗೆ ಆಗ ಮುಟ್ಟುತ್ತಿಲ್ಲ.

ಆಮೇಲೆ ಅವಳು ಸುಧಾರಿಸಿದ ಹಾಗೆ ಕಾಣುತ್ತಾಳೆ. ಆಸ್ಪತ್ರೆಯಿಂದ ಕಳಿಸುತ್ತಾರೆ. ಫಿಲಿಪ್ ಮನೆ ಬದಲಿಸುತ್ತಾನೆ. ಎಲ್ಲರೂ ಮುಗಿಯಿತು ಅಂದುಕೊಳ್ಳುತ್ತಾರೆ. ಒಂದು ರಾತ್ರಿ ಆ ಖಾಲಿ ಮನೆಯಲ್ಲಿ ಬಾಗಿಲು ಬಡಿದುಕೊಳ್ಳುವ ಸದ್ದು. ಬರ್ನಾರ್ ಎದ್ದು ಹೋಗುತ್ತಾನೆ. ಕತ್ತಲಲ್ಲಿ ಅವಳು. ಕೈಚೀಲದಲ್ಲಿ ಪಿಸ್ತೂಲು.

ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದೇ ಇದನ್ನು. ಮಾನಸಿಕ ಚಿಕಿತ್ಸೆ ಮುಗಿಸಿ ಮನೆಗೆ ಹೋದ ಮೊದಲ ಕೆಲವು ವಾರಗಳೇ ತುಂಬ ಅಪಾಯದ ಕಾಲ. ಮುಖದಲ್ಲಿ ನಗು ಬಂತು, ಊಟ ಮಾಡುತ್ತಿದ್ದಾರೆ ಅಂತ ಮನೆಯವರು ಕಾವಲು ಬಿಡುತ್ತಾರೆ. ಆಗಲೇ ಹತ್ತಿರ ಇರಬೇಕು. ಯಾರ ಮನೆಯಲ್ಲಾದರೂ ಇಂಥ ಪರಿಸ್ಥಿತಿ ಇದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಳೇ ಪ್ರೊಜೆಕ್ಟರ್

ಮೇಡಂ, ನೀವು ಹೇಳಿದ ಮೇಲೆ ಕೊನೆಯ ಮಾತು ಬೇರೆಯೇ ಆಗಿ ಕೇಳಿಸುತ್ತಿದೆ. ಮದಾಂ ಜೂವ್ ಹೇಳುತ್ತಾರಲ್ಲ, ಇಬ್ಬರನ್ನೂ ಒಟ್ಟಿಗೆ ಮಣ್ಣು ಮಾಡುವುದಿಲ್ಲ, ತನ್ನನ್ನು ಯಾರೂ ಕೇಳುವುದೂ ಇಲ್ಲ, ಕೇಳಿದರೆ ಅವರ ಕಲ್ಲಿನ ಮೇಲೆ “ನಿನ್ನ ಜೊತೆಗೂ ಆಗದು, ನಿನ್ನ ಬಿಟ್ಟೂ ಆಗದು” ಅಂತ ಬರೆಸುತ್ತಿದ್ದೆ ಅಂತ. ಇಷ್ಟು ವರ್ಷ ನಾನು ಅದನ್ನು ಪ್ರೀತಿಯ ಮಾತು ಅಂದುಕೊಂಡಿದ್ದೆ. ಕಿಟಕಿಯಿಂದ ಹಾರಿ ಬದುಕಿದವರು ಹೇಳುತ್ತಿರುವ ಮಾತು ಅದು. ಮತಿಲ್ದ್‌ಗೆ ಏನಾಗಿತ್ತು ಅಂತ ಆ ಊರಿನಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ ಇರಬೇಕು.

ಮಳೆಗಾಲ

ನಿನ್ನೆ ರಾತ್ರಿ ಮೂರನೇ ಸಲ ನೋಡಿದೆ. ಈ ಸಲ ಆರ್ಲೆಟ್‌ನ ಮಾತ್ರ ನೋಡಬೇಕು ಅಂತ ಕೂತೆ. ಅಗಸೆ ಬಾಗಿಲು ಅವರೇ, ನೀವು ಹೇಳಿದ್ದು ನಿಜ. ಮೊದಲ ಊಟದ ದಿನ ಅವಳ ಉತ್ಸಾಹ ನೋಡಿ ಎದೆ ಹಿಂಡಿತು. ನೆರೆಯವರು ಅಂದರೆ ಒಳ್ಳೆಯವರೇ ಇರುತ್ತಾರೆ ಅನ್ನುವ ನಂಬಿಕೆ ಅದು.

ನನ್ನ ಪ್ರಶ್ನೆ ಸ್ವಲ್ಪ ತಪ್ಪಾಗಿತ್ತು ಅಂತಲೂ ಗೊತ್ತಾಯಿತು. ಬರ್ನಾರ್ ಹೇಳಿದ್ದರೆ ಅವನೂ ಮತಿಲ್ದೂ ಉಳಿಯುತ್ತಿದ್ದರಾ ಅಂತ ಕೇಳಿದ್ದೆ. ಆರ್ಲೆಟ್‌ಗೆ ಏನು ಸಿಗುತ್ತಿತ್ತು ಅಂತ ಕೇಳಬೇಕಿತ್ತು.

ಒಂದು ಕೇಳಲಾ? ಬೇಡ ಅನಿಸಿದರೆ ಉತ್ತರ ಕೊಡಬೇಡಿ. ಅಮ್ಮ ಈಗ ಹೇಗಿದ್ದಾರೆ?

ಅಗಸೆ ಬಾಗಿಲು

ಚೆನ್ನಾಗಿದ್ದಾರೆ. ಎಪ್ಪತ್ತೊಂದು ವರ್ಷ, ನನ್ನ ಜೊತೆಗೇ ಇರುತ್ತಾರೆ. ಅಪ್ಪ ಹೋಗಿ ಆರು ವರ್ಷ ಆಯಿತು.

ಆ ಸ್ಕೂಟರ್ ಇನ್ನೂ ಇದೆ. ಎರಡು ಸಲ ಗುಜರಿಯವನನ್ನು ಕರೆದಿದ್ದೆ, ಅಮ್ಮ ಬಿಡಲಿಲ್ಲ. ಆಯುಧ ಪೂಜೆಗೆ ತಾನೇ ಒದ್ದೆ ಬಟ್ಟೆ ಹಿಡಿದು ಒರೆಸುತ್ತಾಳೆ, ಕುಂಕುಮ ಇಟ್ಟು ಒಂದು ಚೆಂಡುಹೂವು ಸಿಕ್ಕಿಸುತ್ತಾಳೆ. ಯಾಕೆ ಅಂತ ನಾನು ಕೇಳಿಲ್ಲ. ಈ ಸಲ ಕೇಳುತ್ತೇನೆ.